ಹದಿನಾರರ ಗೂಡು

ಮೊದಲು ನಲವತ್ತೆಂಟು.
ಅಡ್ಡಕ್ಕೆ ನಲವತ್ತೆಂಟು ಮನೆ, ಉದ್ದಕ್ಕೂ ಅಷ್ಟೇ.
ಇಷ್ಟು ಜಾಗ ಕೊಟ್ಟರೆ ಯಾರು ಬೇಕಾದರೂ ಬರೆದಾರು:
ಚಂದ್ರಿಕೆಯ ಬಿದಿರ ಸುರುಳಿ, ಅದರ ಸಂದಿನಲ್ಲಿ ಗೂಡು,
ಗೂಡಿನ ಸೊಂಟಕ್ಕೆ ನೆರಳು,
ಮೇಲಿನ ನವಿರು ಜುಂಗು, ಅದನ್ನೂ ಬಿಡಲಿಲ್ಲ.

ಕಮರುನ್ನೀಸಾ ನೋಡಿ "ಹ್ಞೂಂ, ಗೂಡು" ಎಂದರು.
ಆರು ಬೇಸಿನ್ನಿನ ಒಡತಿ. ಶಿಡ್ಲಘಟ್ಟದಲ್ಲಿ
ಗೂಡನ್ನು ಗೂಡೆಂದರೆ ಮೆಚ್ಚಿಕೆಯಲ್ಲ,
ಮುಂದಿನದು ತೋರಿಸು ಅಂತ.

ಅವರ ಕಂಪ್ಯೂಟರು ತೊಂಬತ್ತೆಂಟರ ವಿಂಡೋಸಿನದು.
ಪೆಟ್ಟಿಗೆಯೊಳಗೆ ಫ್ಯಾನು ಕೆಮ್ಮುತ್ತದೆ,
ಹಬೆ ಕೂತು ಕೂತು ಕೀಲಿಗಳ ಅಕ್ಷರ ಅಳಿಸಿವೆ.
"ನಡೀತಿರೋದನ್ನ ಯಾಕಮ್ಮ ಬದಲಾಯಿಸೋದು?
ನೀನು ಮಾಡಿಕೊಟ್ಟ ಲೆಕ್ಕದ್ದು ಚೆನ್ನಾಗೇ ಇದೆ,
ಎಲ್ಲಿ ಒತ್ತಬೇಕೋ ತಿಳಿಯಲ್ಲ, ಅಷ್ಟೇ. ಚಿತ್ರ ಹಾಕು."

ಆಮೇಲೆ ಮೂವತ್ತೆರಡು.
ಗುಂಡಿಯೊಂದು ಒತ್ತಿ ಕುಗ್ಗಿಸಿದರೆ ಮುಗಿಯಿತೆಂದುಕೊಂಡಿದ್ದೆ.
ಬಿದಿರೆಲ್ಲ ಕೆಸರು. ಗೂಡು, ಯಾರೋ ಉಗಿದ ಹಾಗೆ.
ದೊಡ್ಡದರ ಮರಿಯಲ್ಲ ಚಿಕ್ಕದು,
ಹುಳು ಸಾಕುವವರಿಗೆ ಇದು ಗೊತ್ತು.
ನಾಲ್ಕು ಜ್ವರ ದಾಟುತ್ತದೆ ಹುಳು;
ಪ್ರತಿ ಜ್ವರಕ್ಕೂ ಸೊಪ್ಪು ಬಿಟ್ಟು, ತಲೆ ಎತ್ತಿ, ಕದಲದೆ,
ಇದ್ದ ಚರ್ಮ ಸಾಲದೆಂದು ಕಳಚಿ ಏಳುತ್ತದೆ.
ನನ್ನದು ಹಿಮ್ಮುಖದ ಜ್ವರ.
ಸಾಲದೆಂದಲ್ಲ, ಹೆಚ್ಚಾಯಿತೆಂದು ಕಳಚುವುದು.
ಚಂದ್ರಿಕೆ ಹೋಯಿತು. ಜುಂಗು ಹೋಯಿತು.
ಉಳಿದದ್ದು ಗೂಡು, ಅದಕ್ಕೊಂದು ಕಪ್ಪು ಅಂಚು.

ಬಣ್ಣಕ್ಕೆ ಬಂದರೆ ಅಲ್ಲಿರುವುದೂ ಹದಿನಾರೇ.
ಹಳದಿ ಇದೆ, ನಿಂಬೆಗಿಂತ ಜೋರು.
ಮಿಶ್ರತಳಿಯ ಆ ಹಾಲು ಬೆರೆತ ಹಳದಿ ಇಲ್ಲ.
ಹಾಗಾಗಿ ಒಂದು ಮನೆ ಹಳದಿ, ಪಕ್ಕದ್ದು ಬಿಳಿ,
ಮತ್ತೆ ಹಳದಿ, ಮತ್ತೆ ಬಿಳಿ.
ಹತ್ತಿರ ಕೂತರೆ ಲುಂಗಿಯ ಚೌಕಳಿ;
ಎದ್ದು ಬಾಗಿಲ ತನಕ ಹೋಗಿ ತಿರುಗಿದರೆ
ಮಾರುಕಟ್ಟೆಗೆ ಬೆಳಿಗ್ಗೆ ಇಳಿಸಿದ ಗೂಡು.

ಸುತ್ತ, ಕಾಣಬಾರದ ಕಡೆಗೆಲ್ಲ, ರಾಣಿ ಬಣ್ಣ ತುಂಬಿದೆ.
ಮದುವೆ ಮನೆಯಲ್ಲಿ ಮೊದಲು ಕಣ್ಣಿಗೆ ಬೀಳುವ ಬಣ್ಣಕ್ಕೆ
ಇಲ್ಲಿ 'ಏನೂ ಇಲ್ಲ' ಎಂದು ಅರ್ಥ.

ಹದಿನಾರು.
ಒಟ್ಟು ಇನ್ನೂರ ಐವತ್ತಾರು ಮನೆ,
ಲೆಕ್ಕದ ಪುಸ್ತಕದ ಒಂದು ಮೂಲೆ.
ಗೂಡು ಬರೆದೆ. ಕಮರುನ್ನೀಸಾ ಕನ್ನಡಕ ಏರಿಸಿ
"ಕಡ್ಲೆಕಾಯಿ" ಎಂದರು.
ಸೊಂಟ ತುಂಬಿಸಿದೆ. "ಆಲೂಗಡ್ಡೆ."
ಓರೆ ಮಾಡಿದೆ. "ಬಿ.ಪಿ. ಮಾತ್ರೆ. ನಾನು ನುಂಗ್ತೀನಲ್ಲ, ಅದೇ."

ಬೇಸಿನ್ನಿನ ಕಡೆಯಿಂದ ಬಂದ ಮುನಿಲಕ್ಷ್ಮಮ್ಮ
ಸೆರಗಿಗೆ ಕೈ ಒರೆಸಿಕೊಳ್ಳುತ್ತ ಇಣುಕಿದಳು.
"ಎಳೆ ಎಲ್ಲಿ?"
ಅಷ್ಟೇ. ತಿರುಗಿ ಹೋದಳು, ನೀರು ಕುದಿಯುತ್ತಿತ್ತು.

ಮುಕ್ಕಾಲು ಕಿಲೋಮೀಟರು ಒಳಗಿಟ್ಟುಕೊಂಡು
ಸುಮ್ಮನೆ ತೇಲುವ ಅದರ ತುದಿ
ಕಣ್ಣಿಗೆ ಸಿಗುವುದಿಲ್ಲ, ಅವಳ ಬೆರಳಿಗೆ ಸಿಗುತ್ತದೆ.

ಒಂದು ಚುಕ್ಕೆ ಇಟ್ಟೆ, ಬೂದು ಬಣ್ಣದ್ದು,
ನೆತ್ತಿಗೆ ತಾಗಿಯೂ ತಾಗದಂತೆ.
ಅದರ ಓರೆಗೆ ಇನ್ನೊಂದು.
ಮೂರನೆಯದು ಇಟ್ಟು, ತೆಗೆದೆ;
ಮೂರಾದರೆ ಇಲಿಯ ಬಾಲ.

ಕಮರುನ್ನೀಸಾ ಏನೂ ಅನ್ನಲಿಲ್ಲ. ಅವಳನ್ನೇ ಕೂಗಿದರು.
ಮೌಸು ಗೀಸು ಅವಳಿಗೇಕೆ, "ಇದಾ?" ಎಂದು
ಬೆರಳನ್ನೇ ಗಾಜಿಗೆ ಒತ್ತಿದಳು.
ನನ್ನ ಮೂರು ವಾರ
ಬೆಂದ ಒಂದು ಉಗುರಿನಡಿ ಪೂರ್ತಿ ಮುಚ್ಚಿಹೋಯಿತು.
ತೆಗೆದಾಗ ಅಲ್ಲೊಂದು ಹನಿ.
ಹನಿಯೊಳಗೆ ದಪ್ಪಗಾದ ಆ ಬೂದು ಚುಕ್ಕೆ
ಕೆಂಪು, ಹಸಿರು, ನೀಲಿ
ಮೂರು ಎಳೆಯಾಗಿ ಬಿಚ್ಚಿಕೊಂಡಿತ್ತು.

"ಗಾಜು ಒರೆಸು," ಎಂದರು ಕಮರುನ್ನೀಸಾ,
"ನಿನ್ನೆಯ ಲಾಟು ಇನ್ನೂ ಬರೆದಿಲ್ಲ."